‘ಪಿ’ಯಲ್ಲಿ ಸಿಕ್ಕಿಕೊಂಡ ಗೇರ್: ಲಿವರ್ ಎಳೆಯುವ ಮೊದಲು ಹಿಂದಿನ ದೀಪ ನೋಡಿ

ಪ್ರಶ್ನೆ: ನಾವು ಮುಂಬೈನ ಮುಲುಂಡ್‌ನಲ್ಲಿದ್ದೇವೆ. ನಮ್ಮದು ಎಂಟು ವರ್ಷ ಹಳೆಯ ಸಿವಿಟಿ (ಗೇರಿನ ಮೆಟ್ಟಿಲುಗಳಿಲ್ಲದ) ಆಟೊಮ್ಯಾಟಿಕ್ ಕಾರು, ಕೀ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಸೊಸೈಟಿಯಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್, ನಮ್ಮ ಜಾಗ ಕೆಳಗಿನದು; ನಮ್ಮದು ಹೊರಬರದೆ ಮೇಲಿನದು ಇಳಿಯುವುದಿಲ್ಲ. ಮದುವೆಗೆಂದು ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದೆವು. ಮರುದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಯಿತು, ಆದರೆ ಬ್ರೇಕ್ ಒತ್ತಿದರೂ ಗೇರ್ ಲಿವರ್ ‘ಪಿ’ಯಿಂದ (ಪಾರ್ಕ್) ಅಲುಗಲೇ ಇಲ್ಲ. ಮೇಲಿನ ಕಾರಿನವರು ಆಫೀಸಿಗೆ ಹೊತ್ತಾಯಿತೆಂದು ಕೂಗಾಡುತ್ತಿದ್ದರು. ಕೊನೆಗೆ ವಾಚ್‌ಮನ್ ಒಳಗೆ ಕೂತು ಜಗ್ಗಿದ ಮೇಲೆ ಇಪ್ಪತ್ತು ನಿಮಿಷಕ್ಕೆ ಹೊರಬಂತು. ಆಮೇಲೆ ಇನ್ನೂ ಎರಡು ಸಲ ಹೀಗಾಗಿದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಅನ್ನುತ್ತಾರೆ. ಬಿಚ್ಚಿಸಬೇಕೇ? ಇನ್ನೊಂದು, ಸದ್ಯಕ್ಕೆ ‘ಪಿ’ಗೆ ಹಾಕದೆ ನ್ಯೂಟ್ರಲ್‌ನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿದರೆ ಸಾಕಲ್ಲವೇ?

ಉತ್ತರ: ಬಿಚ್ಚಿಸಬೇಡಿ. ಸದ್ಯಕ್ಕಂತೂ ಬೇಡ.

ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಒಂದು ಸಲ ‘ಪಿ’ಯಿಂದ ಹೊರಬಂದ ಮೇಲೆ ಕಾರು ಓಡುವುದರ ಬಗ್ಗೆ ನಿಮ್ಮ ದೂರೇ ಇಲ್ಲ. ಜರ್ಕ್ ಇಲ್ಲ, ಸದ್ದಿಲ್ಲ, ಎಣ್ಣೆ ಸೋರಿಲ್ಲ. ಸಮಸ್ಯೆ ಇರುವುದು ಹೊರಡುವ ಆ ಒಂದು ಕ್ಷಣದಲ್ಲಿ ಮಾತ್ರ, ಅದೂ ಒಮ್ಮೊಮ್ಮೆ. ಕೆಟ್ಟ ಗೇರ್‌ಬಾಕ್ಸ್ ಹೀಗೆ ಮೂಡ್ ನೋಡಿಕೊಂಡು ವರ್ತಿಸುವುದಿಲ್ಲ. ಒಮ್ಮೊಮ್ಮೆ ಕೈಕೊಡುವುದು ಹೆಚ್ಚಾಗಿ ಕರೆಂಟಿನ ಬುದ್ಧಿ. ನನ್ನ ಅನುಮಾನ ನಿಮ್ಮ ಬ್ರೇಕ್ ಲೈಟಿನ ಸ್ವಿಚ್ ಮೇಲೆ. ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ ಕೂತಿರುವ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಸ್ವಿಚ್ ಅದು.

ಬ್ರೇಕ್ ಲೈಟಿಗೂ ಗೇರ್ ಲಿವರಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಸಂಬಂಧ ಇದೆ, ಬೇಕಂತಲೇ ಕಟ್ಟಿದ್ದು. ನೀವು ಬ್ರೇಕ್ ಒತ್ತಿದಾಗ ಈ ಸ್ವಿಚ್ ಎರಡು ಕೆಲಸ ಮಾಡುತ್ತದೆ. ಹಿಂದಿನ ಕೆಂಪು ದೀಪ ಉರಿಸುತ್ತದೆ. ಜೊತೆಗೆ ‘ಕಾಲು ಬ್ರೇಕ್ ಮೇಲಿದೆ’ ಎಂಬ ಸುದ್ದಿಯನ್ನು ಲಿವರ್ ಕಡೆಗೆ ಕಳಿಸುತ್ತದೆ. ಲಿವರಿನ ಬುಡದಲ್ಲಿ ಸೊಲೆನಾಯ್ಡ್ ಅಂತ ಒಂದು ತಂತಿ ಸುರುಳಿ ಇರುತ್ತದೆ. ಸುದ್ದಿ ಬಂದ ತಕ್ಷಣ ಅದು ಟಿಕ್ ಅಂತ ಒಂದು ಅಗುಳಿಯನ್ನು ಸರಿಸುತ್ತದೆ. ಆಗ ಲಿವರ್ ಬಿಡುಗಡೆ. ಸುದ್ದಿ ಬರದಿದ್ದರೆ ಅಗುಳಿ ಹಾಗೇ ಇರುತ್ತದೆ, ನೀವು ಎಷ್ಟೇ ಒತ್ತಿ ಕೂತಿದ್ದರೂ. ಅದರ ಲೆಕ್ಕದಲ್ಲಿ ನೀವು ಬ್ರೇಕ್ ಮುಟ್ಟಿಯೇ ಇಲ್ಲ.

ಈ ಅಗುಳಿ ಸುಮ್ನೆ ಬಂದದ್ದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರು ತಾನಾಗಿಯೇ ಮುನ್ನುಗ್ಗುತ್ತದೆ ಎಂದು ದೊಡ್ಡ ಗದ್ದಲವಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 1989ರಲ್ಲಿ ಕೊಟ್ಟ ವರದಿಯ ಪ್ರಕಾರ ಅಂಥ ಘಟನೆಗಳಲ್ಲಿ ಹೆಚ್ಚಿನವು ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರಿಂದ ಆದವು. ಅಷ್ಟರಲ್ಲಿ ಕಂಪನಿ ಈ ಬ್ರೇಕ್ ಅಗುಳಿಯನ್ನು ತಂದಾಗಿತ್ತು. ಉಳಿದ ಕಂಪನಿಗಳೂ ಅದನ್ನೇ ಅನುಸರಿಸಿದವು. 2010ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಮಾರಲು ತಯಾರಾಗುವ ‘ಪಿ’ ಇರುವ ಸಣ್ಣ ವಾಹನಗಳಿಗೆಲ್ಲ ಇದು ಕಡ್ಡಾಯ. ಹಾಗಾಗಿ ಅಗುಳಿಯನ್ನು ಬೈಯಬೇಡಿ. ಅದಕ್ಕೆ ಸುದ್ದಿ ಮುಟ್ಟಿಸದವನನ್ನು ಹುಡುಕೋಣ.

ಈಗ ನಿಮ್ಮ ವಾಚ್‌ಮನ್ ವಿಷಯ. ಅವನು ಕೈಬಲದಿಂದ ಲಿವರ್ ಬಿಡಿಸಿದ ಅಂತ ಸೊಸೈಟಿಯಲ್ಲಿ ಅವನಿಗೆ ಹೆಸರು ಬಂದಿರಬೇಕು. ನನಗನ್ನಿಸುವುದೇ ಬೇರೆ. ಎರಡೂ ಕೈಯಲ್ಲಿ ಲಿವರ್ ಜಗ್ಗುವವನು ಕಾಲನ್ನು ಊರಿಕೊಳ್ಳಲೇಬೇಕು, ಅಲ್ವಾ? ಊರಿದ್ದು ಬ್ರೇಕ್ ಪೆಡಲ್ ಮೇಲೆ, ಅದೂ ನಿಮಗಿಂತ ಜೋರಾಗಿ. ಹಳೆಯ ಸ್ವಿಚ್ಚಿನ ಒಳಗಿನ ತುದಿಗಳು ಸುಟ್ಟು ಕಪ್ಪಾಗಿರುತ್ತವೆ, ಮುಂಬೈನ ಉಪ್ಪುಗಾಳಿಗೆ ಹಸಿರು ಹಿಡಿದಿರುತ್ತವೆ. ಮೆಲ್ಲಗೆ ಒತ್ತಿದರೆ ತಾಗುವುದಿಲ್ಲ. ಜೋರಾಗಿ, ನಾಲ್ಕಾರು ಸಲ ಒತ್ತಿದರೆ ಎಲ್ಲೋ ಒಂದು ಕಡೆ ತಾಗಿಬಿಡುತ್ತದೆ. ಕೆಲಸ ಮಾಡಿದ್ದು ಕಾಲು, ಹೆಸರು ಹೋದದ್ದು ಕೈಗೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು, ಕಾಸು ಖರ್ಚಿಲ್ಲ. ರಾತ್ರಿ ಕಾರಿನ ಹಿಂಬದಿ ಗೋಡೆಗೆ ಹತ್ತಿರ ಇರುವ ಹಾಗೆ ನಿಲ್ಲಿಸಿ. ಹೆಡ್‌ಲೈಟ್ ಆಫ್ ಇರಲಿ, ಇಲ್ಲದಿದ್ದರೆ ಹಿಂದಿನ ಪಾರ್ಕಿಂಗ್ ದೀಪದ ಕೆಂಪೇ ಕಣ್ಣಿಗೆ ಬಿದ್ದು ಮೋಸವಾಗುತ್ತದೆ. ಕನ್ನಡಿಯಲ್ಲಿ ಗೋಡೆಯನ್ನೇ ನೋಡುತ್ತ ಬ್ರೇಕನ್ನು ನಿಧಾನವಾಗಿ ಒತ್ತಿ, ಬಿಡಿ. ಒಂದೆರಡು ಸಲ ಸಾಲದು. ಮೂವತ್ತು ಸಲ ಮಾಡಿ. ಮೆಲ್ಲಗೆ, ಜೋರಾಗಿ, ಬೇಗ, ನಿಧಾನ. ಪೆಡಲ್ ಚೂರು ಕೆಳಗೆ ಹೋದ ಕೂಡಲೇ ಗೋಡೆ ಕೆಂಪಾಗಬೇಕು, ಪ್ರತಿ ಸಲವೂ. ಮಧ್ಯೆ ಒಂದು ಸಲ ತಪ್ಪಿದರೂ, ಪೆಡಲನ್ನು ತುಂಬಾ ಕೆಳಗೆ ತಳ್ಳಿದ ಮೇಲಷ್ಟೇ ಬೆಳಗಿದರೂ, ಕಳ್ಳ ಸಿಕ್ಕಿಬಿದ್ದ ಹಾಗೆ.

ಇನ್ನೂ ಒಳ್ಳೆಯದೆಂದರೆ ಮುಂದಿನ ಸಲ ಸಿಕ್ಕಿಕೊಂಡಾಗ ಲಿವರನ್ನು ಮುಟ್ಟಲೇಬೇಡಿ. ವಾಚ್‌ಮನ್ ‘ಅಟಕ್ ಗಯಾ ಕ್ಯಾ ಸಾಬ್’ ಅಂತ ಓಡಿ ಬಂದಾಗ ಅವನನ್ನು ಒಳಗೆ ಕೂರಿಸುವ ಬದಲು ಹಿಂದಕ್ಕೆ ಕಳಿಸಿ. ನೀವು ಬ್ರೇಕ್ ಒತ್ತಿ, ಅವನು ದೀಪ ಉರಿಯಿತಾ ಅಂತ ಹೇಳಲಿ. ಈ ಒಂದು ಉತ್ತರಕ್ಕೆ ಗ್ಯಾರೇಜಿನ ಅರ್ಧ ದಿನದ ಕೆಲಸದ ಬೆಲೆ ಇದೆ.

ದೀಪ ಉರಿಯದಿದ್ದರೆ ಸ್ವಿಚ್ ಅಥವಾ ಫ್ಯೂಸ್. ನಿಮ್ಮದು ಬಂದು ಹೋಗುವ ರೋಗವಾದ್ದರಿಂದ ಸ್ವಿಚ್ಚೇ ಅನ್ನುತ್ತೇನೆ. ಫ್ಯೂಸ್ ಸುಟ್ಟರೆ ಸುಟ್ಟಿತು, ತಾನಾಗಿ ಮತ್ತೆ ಜೋಡಿಕೊಳ್ಳುವುದಿಲ್ಲ. ಬೇರೆಯವರಿಗೆ ಉಪಯೋಗವಾಗಲಿ ಅಂತ ಹೇಳುತ್ತೇನೆ: ಅನೇಕ ಕಾರುಗಳಲ್ಲಿ ಬ್ರೇಕ್ ಲೈಟಿನ ಫ್ಯೂಸ್ ಹೋದರೆ ಲಿವರ್ ಕೂಡ ‘ಪಿ’ಯಲ್ಲೇ ಕೂತುಬಿಡುತ್ತದೆ. ಸಾಮಾನ್ಯವಾಗಿ ಅದು 10 ಅಥವಾ 15 ಆಂಪಿಯರಿನದು. ಎಷ್ಟು ಬರೆದಿದೆಯೋ ಅಷ್ಟನ್ನೇ ಹಾಕಿ, ಸುಡುತ್ತದೆ ಅಂತ ದೊಡ್ಡದು ಹಾಕಬೇಡಿ. ಮಳೆಗಾಲದಲ್ಲಿ ಬಲ್ಬಿನ ಹೋಲ್ಡರಿಗೆ ನೀರಿಳಿದು ಫ್ಯೂಸ್ ಹೋಗುವುದುಂಟು. ಕುರ್ಲಾದ ಸಿಎಸ್‌ಟಿ ರೋಡಿನ ಕಾರ್ ಸಾಮಾನಿನ ಅಂಗಡಿಗಳಲ್ಲಿ ಚಂದ ಕಂಡಿತು ಅಂತ ಮಿಂಚುವ ದೀಪ ಹಾಕಿಸಿಕೊಂಡವರ ಕಾರುಗಳಲ್ಲಂತೂ ಕೇಳಲೇಬೇಡಿ. ಇಲಿಯೂ ಒಂದು ಕಾರಣ. ಮುಂಬೈನ ಇಲಿಗೆ ವೈರ್ ಅಂದರೆ ಚಕ್ಕುಲಿ.

ಘಾಟ್‌ಕೋಪರ್ ಕಡೆಯ ಒಬ್ಬರು ಒಮ್ಮೆ ಕೈಯಲ್ಲಿ ಲಿವರಿನ ಗುಂಡಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಿದ್ದರು. ಜಗ್ಗಿ ಜಗ್ಗಿ ಮುರಿದಿದ್ದು. ಕಾರನ್ನು ನೋಡಿದರೆ ಹೋಗಿದ್ದು ಫ್ಯೂಸ್, ಚಹಾದಷ್ಟು ಬೆಲೆಯದು. ಮುರಿದ ಲಿವರಿಗೆ ಮಾತ್ರ ಸಾವಿರಗಟ್ಟಲೆ ಆಯಿತು.

ದೀಪ ಉರಿಯುತ್ತಿದೆ, ಆದರೂ ಲಿವರ್ ಬರುತ್ತಿಲ್ಲ ಅಂದರೆ ಕಿವಿ ಕೊಡಬೇಕು. ಎಂಜಿನ್ ಆಫ್ ಮಾಡಿ, ಕೀಯನ್ನು ‘ಆನ್’ಗೆ ಮಾತ್ರ ತಿರುಗಿಸಿ, ಎಸಿ ಫ್ಯಾನ್, ರೇಡಿಯೊ ಎಲ್ಲ ಬಂದ್ ಮಾಡಿ. ಬ್ರೇಕ್ ಒತ್ತಿದಾಗ ಲಿವರಿನ ಬುಡದಲ್ಲಿ ಟಿಕ್ ಕೇಳಿಸಬೇಕು. ಕೇಳಿಸದಿದ್ದರೆ ಸೊಲೆನಾಯ್ಡ್ ಅಥವಾ ಅದರ ವೈರಿನ ಮೇಲೆ ಅನುಮಾನ. ಟಿಕ್ ಬಂದೂ ಲಿವರ್ ಬರದಿದ್ದರೆ ಅಗುಳಿ ಅಂಟಿಕೊಂಡಿದೆ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಲಿವರಿನ ಪಕ್ಕದ ಕಪ್ ಹೋಲ್ಡರ್ ನೋಡಿ. ಕಟಿಂಗ್ ಚಹಾ, ಕಬ್ಬಿನ ಹಾಲು, ಮಕ್ಕಳ ಫ್ರೂಟ್ ಜ್ಯೂಸ್, ಎಲ್ಲ ಚೆಲ್ಲುವುದು ಅಲ್ಲೇ. ಸಕ್ಕರೆ ಇಳಿದು ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಕೂರುತ್ತದೆ. ಒಂದು ಕಾರಿನ ಕನ್ಸೋಲ್ ಬಿಚ್ಚಿದಾಗ ಅದರೊಳಗೆ ಎರಡು ರೂಪಾಯಿಯ ನಾಣ್ಯ, ಟೋಲ್ ಚೀಟಿ, ಅರ್ಧ ಕರಗಿದ ಶುಂಠಿ ಪೆಪ್ಪರ್‌ಮಿಂಟ್ ಸಿಕ್ಕಿತ್ತು. ಪೆಪ್ಪರ್‌ಮಿಂಟೇ ಅಪರಾಧಿ. ಇಂಥದ್ದಕ್ಕೆ ಎಣ್ಣೆ ಹೊಡೆಯಬೇಡಿ, ಧೂಳು ಸೇರಿ ಇನ್ನೂ ಗೊಜ್ಜಾಗುತ್ತದೆ. ಬಿಚ್ಚಿ ಒರೆಸಿ ಒಣಗಿಸುವುದೇ ದಾರಿ.

ಲಿವರ್ ಸಲೀಸಾಗಿ ‘ಡಿ’ಗೆ (ಡ್ರೈವ್) ಬರುತ್ತದೆ, ಆದರೆ ಡ್ಯಾಶ್‌ಬೋರ್ಡ್ ಇನ್ನೂ ‘ಪಿ’ ತೋರಿಸುತ್ತದೆ, ಕಾರು ಹೋಗುವುದಿಲ್ಲ. ಇದು ಇನ್ನೊಂದು ಕಾಯಿಲೆ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಕಳಚಿದೆ, ಹೆಚ್ಚಾಗಿ ಅದರ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿರುತ್ತದೆ. ಹಾಗೆಯೇ ‘ಡಿ’ ಬಿದ್ದಿದೆ, ಡ್ಯಾಶ್‌ಬೋರ್ಡೂ ‘ಡಿ’ ಅನ್ನುತ್ತದೆ, ಕಾರು ಮಾತ್ರ ಹಿಂದಿನಿಂದ ಯಾರೋ ಹಿಡಿದಂತೆ ನಿಂತಿದೆ ಅಂದರೆ ಹ್ಯಾಂಡ್‌ಬ್ರೇಕಿನ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿರಬಹುದು. ಮಳೆಯಲ್ಲಿ ನೆನೆದ ಕಾರನ್ನು ವಾರಗಟ್ಟಲೆ ಬಿಟ್ಟು ಊರಿಗೆ ಹೋದವರಿಗೆ ಇದು ಗೊತ್ತಿರುತ್ತದೆ.

ಇನ್ನು ಇಳಿಜಾರಿನ ಕಥೆ. ಇದು ಕರೆಂಟಿನದಲ್ಲ, ಭಾರದ್ದು. ನಿಮ್ಮ ಸ್ಟ್ಯಾಕಿಗೂ ಒಂದಿಷ್ಟು ಸಂಬಂಧಿಸಿದ್ದು.

‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸಿನ ಒಳಗೆ ಒಂದು ಹಲ್ಲಿನ ಚಕ್ರಕ್ಕೆ ಉಕ್ಕಿನ ಕೊಕ್ಕೆಯೊಂದು ಬಂದು ಬೀಳುತ್ತದೆ. ಇಡೀ ಕಾರನ್ನು ತಡೆಯುವುದು ಆ ಸಣ್ಣ ಕೊಕ್ಕೆ. ಸಮತಟ್ಟಾದ ಜಾಗದಲ್ಲಿ ಅದಕ್ಕೆ ಕೆಲಸವೇ ಇಲ್ಲ. ನೂರು ಅಡಿಗೆ ಹತ್ತು ಅಡಿ ಏರುವ ರ‍್ಯಾಂಪಿನಲ್ಲಿ 1,200 ಕಿಲೊ ತೂಕದ ಕಾರು ಹೆಚ್ಚುಕಡಿಮೆ 120 ಕಿಲೊ ಭಾರದಷ್ಟು ಕೆಳಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ ಬರೀ ‘ಪಿ’ ಹಾಕಿ ಇಳಿದರೆ ಆ ಎಳೆತವೆಲ್ಲ ಕೊಕ್ಕೆಯ ಮೇಲೆ. ಬಾವಿಯಲ್ಲಿ ತುಂಬಿದ ಕೊಡ ನೇತಾಡುವಾಗ ಹಗ್ಗದ ಗಂಟು ಬಿಚ್ಚಲು ಹೋದ ಹಾಗೆ ಆಗುತ್ತದೆ ಆಮೇಲೆ. ಲಿವರ್ ಕಲ್ಲಾಗಿರುತ್ತದೆ, ಬಂದಾಗ ‘ಢಬ್’ ಅನ್ನುತ್ತದೆ. ಬ್ರೇಕ್ ಲೈಟ್ ಉರಿಯುತ್ತಿದೆ, ಟಿಕ್ ಕೇಳಿಸುತ್ತಿದೆ, ಲಿವರಿನ ಗುಂಡಿ ಒತ್ತಿಕೊಳ್ಳುತ್ತಿದೆ, ಆದರೆ ಲಿವರ್ ಮಾತ್ರ ಬಿಗಿ ಅಂದರೆ ಇದೇ. ಸ್ಟ್ಯಾಕಿನಲ್ಲೂ ಚಕ್ರ ಸ್ಟಾಪರಿಗೆ ಒತ್ತಿ ನಿಂತಿದ್ದರೆ ಸಣ್ಣ ಮಟ್ಟಿಗೆ ಹೀಗಾಗಬಹುದು.

ಬಿಡಿಸುವುದು ಹೀಗೆ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ನೀವು ಸೀಟಿನಲ್ಲಿ ಕೂತು ಬ್ರೇಕ್ ಮೇಲೆ ಕಾಲಿಟ್ಟಿರಿ. ಕಾರನ್ನು ಏರಿನ ಕಡೆಗೆ ಚೂರು ತಳ್ಳಿದರೆ ಕೊಕ್ಕೆ ಸಡಿಲವಾಗುತ್ತದೆ. ಇದಕ್ಕಾಗಿ ಹ್ಯಾಂಡ್‌ಬ್ರೇಕ್, ಕಾಲಿನ ಬ್ರೇಕ್ ಎರಡನ್ನೂ ಒಂದು ಕ್ಷಣ ಸಡಿಲಿಸಬೇಕಾಗುತ್ತದೆ. ತಳ್ಳಿ ಆದ ಕೂಡಲೇ ಬ್ರೇಕ್ ಒತ್ತಿ ಹಿಡಿದು ಲಿವರ್ ಎಳೆಯಿರಿ. ತಳ್ಳುವವರು ಬಾಗಿಲ ಕಂಬ ಹಿಡಿದು ಪಕ್ಕದಿಂದ ತಳ್ಳಲಿ. ಇಳಿಜಾರಿನ ಕಡೆ, ಕಾರಿಗೂ ಗೋಡೆಗೂ ನಡುವೆ ಯಾರೂ ನಿಲ್ಲಕೂಡದು. ಕಡಿದಾದ ರ‍್ಯಾಂಪ್ ಆದರೆ ಈ ಸಾಹಸವೇ ಬೇಡ, ಮೆಕ್ಯಾನಿಕ್ ಬರಲಿ.

ಆಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ನಿಲ್ಲಿಸಿದ ಮೇಲೆ ಕಾಲಿನ ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾರು ಒಂದಿಂಚು ಸರಿದು ಹ್ಯಾಂಡ್‌ಬ್ರೇಕಿನ ಮೇಲೆ ಕೂರುತ್ತದೆ. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ನಮ್ಮಲ್ಲಿ ಬಹಳ ಜನ ಮೊದಲು ‘ಪಿ’, ಆಮೇಲೆ ನೆನಪಾದರೆ ಹ್ಯಾಂಡ್‌ಬ್ರೇಕ್.

ಸಿಕ್ಕಿಕೊಂಡಾಗ ತಕ್ಷಣಕ್ಕೆ ಹೊರಬರುವ ಕಿಟಕಿಯೊಂದನ್ನು ಕಾರು ತಯಾರಿಸಿದವರೇ ಇಟ್ಟಿರುತ್ತಾರೆ. ನಿಮ್ಮ ಲಿವರಿನ ಪಕ್ಕ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಮುಚ್ಚಳ ಇದೆಯಾ ನೋಡಿ. ‘ಶಿಫ್ಟ್ ಲಾಕ್’ ಅಂತ ಬರೆದಿರಬಹುದು, ಬರೆಯದೆಯೂ ಇರಬಹುದು. ಕೆಲವು ಕಾರುಗಳಲ್ಲಿ ನೇರವಾಗಿ ಒತ್ತುವ ಗುಂಡಿ ಇರುತ್ತದೆ, ಕೆಲವದರಲ್ಲಿ ಲಿವರಿನ ಸುತ್ತಲಿನ ಹೊದಿಕೆ ಎತ್ತಬೇಕು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಮಲಗಿರುತ್ತದೆ, ನನಗೆ ಗೊತ್ತು.

ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆಯಿರಿ. ಎಂಜಿನ್ ಆಫ್ ಇರಲಿ, ಕೀ ‘ಆನ್’ನಲ್ಲಿರಲಿ. ಕರವಸ್ತ್ರ ಸುತ್ತಿದ ಸಣ್ಣ ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿ. ಬ್ರೇಕ್ ಒತ್ತಿ ಹಿಡಿದು, ಆ ರಂಧ್ರದೊಳಗೆ ಸ್ಕ್ರೂಡ್ರೈವರನ್ನು ತೂರಿಸಿ ಒತ್ತಿ. ಒಳಗೆ ಸ್ಪ್ರಿಂಗಿನ ಹಾಗೆ ತಗ್ಗುವುದು ಬೆರಳಿಗೆ ಗೊತ್ತಾಗುತ್ತದೆ. ಒತ್ತಿ ಹಿಡಿದೇ ಲಿವರನ್ನು ‘ಎನ್’ಗೆ (ನ್ಯೂಟ್ರಲ್) ತನ್ನಿ. ಎಂಜಿನ್ ‘ಎನ್’ನಲ್ಲೂ ಸ್ಟಾರ್ಟ್ ಆಗುತ್ತದೆ. ಮೊದಲ ಸಲಕ್ಕೆ ಕೈ ನಡುಗುವುದು ಸಹಜ, ಹಿಂದೆ ಹಾರ್ನ್ ಬೇರೆ. ಅದಕ್ಕೇ ಭಾನುವಾರ ಸಮತಟ್ಟು ಜಾಗದಲ್ಲಿ ಒಂದು ಸಲ ಮಾಡಿ ನೋಡಿಟ್ಟುಕೊಳ್ಳಿ.

ಹೀಗೆ ಹೊರಗೆ ತಂದ ಕಾರನ್ನು ಮಾತ್ರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಇಳಿಸಬೇಡಿ. ಲಿವರ್ ಬಂತು ಅಂದ ಮಾತ್ರಕ್ಕೆ ಬ್ರೇಕ್ ಲೈಟ್ ಬಂದಿಲ್ಲ. ನೀವು ಬ್ರೇಕ್ ಹಾಕಿದ್ದು ಹಿಂದಿನ ಬೆಸ್ಟ್ ಬಸ್ಸಿನ ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಸ್ಟ್ಯಾಕಿನಿಂದ ಹೊರಗೆ ತಂದು, ಮೇಲಿನವರಿಗೆ ದಾರಿ ಬಿಟ್ಟು, ಕಾಂಪೌಂಡಿನಲ್ಲೇ ನಿಲ್ಲಿಸಿ ಆಟೊ ಎಲೆಕ್ಟ್ರಿಶಿಯನ್‌ನನ್ನು ಅಲ್ಲಿಗೇ ಕರೆಯಿರಿ. ಕಾರಿನ ಮಾಡೆಲ್, ವರ್ಷ ಮೊದಲೇ ಹೇಳಿದರೆ ಸ್ವಿಚ್ ಜೇಬಿನಲ್ಲಿಟ್ಟುಕೊಂಡೇ ಬರುತ್ತಾನೆ. ಪೆಡಲಿನ ಕೆಳಗೆ ತಲೆ ತೂರಿಸಿ ಮಾಡುವ ಸಣ್ಣ ಕೆಲಸ. ಸಾಮಾನ್ಯ ಕಾರುಗಳಿಗೆ ಸ್ವಿಚ್ಚಿನ ಬೆಲೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಹೊಸದನ್ನೇ ಹಾಕಿಸಿ. ಸೊಲೆನಾಯ್ಡನ್ನು ಬಿಡಿಯಾಗಿ ಕೊಡದೆ ಇಡೀ ಲಿವರ್ ಸೆಟ್ ಕೊಳ್ಳಿ ಅನ್ನುವವರಿದ್ದಾರೆ, ಆಗ ಕುರ್ಲಾದಲ್ಲಿ ಹಳೆಯದನ್ನು ಹುಡುಕಿಸಿದರೆ ನನ್ನ ತಕರಾರಿಲ್ಲ. ಬ್ರೇಕ್ ಸ್ವಿಚ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ.

ಅವನು ಕೆಳಗೆ ತೂರಿದಾಗಲೇ ಇನ್ನೊಂದು ನೋಡಿಸಿ. ಸ್ವಿಚ್ಚಿನ ಮೂತಿ ಒತ್ತಿಕೊಳ್ಳುವ ಕಡೆ ಪೆಡಲಿಗೆ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿಲ್ಲೆ ಇರುತ್ತದೆ. ಹಳೆಯದಾದರೆ ಅದು ಪುಡಿಯಾಗಿ ಕಾಲ್ಚಾಪೆಯ ಮೇಲೆ ಉದುರುತ್ತದೆ. ಜನ ಅದನ್ನು ಮಕ್ಕಳ ಆಟಿಕೆಯ ಚೂರು ಅಂತ ಗುಡಿಸಿಬಿಡುತ್ತಾರೆ. ಅದು ಹೋದರೆ ಉಲ್ಟಾ ತೊಂದರೆ: ಬ್ರೇಕ್ ಲೈಟ್ ಹಗಲೂ ರಾತ್ರಿ ಉರಿಯುತ್ತದೆ. 21 ವ್ಯಾಟಿನ ಎರಡು ಬಲ್ಬ್ ಅಂದರೆ ಸುಮಾರು 3.5 ಆಂಪಿಯರ್. 35 ಆಂಪಿಯರ್-ಗಂಟೆಯ ಬ್ಯಾಟರಿ ಒಂದೇ ರಾತ್ರಿಯಲ್ಲಿ ಖಾಲಿ. ಬ್ಯಾಟರಿ ಸತ್ತರೆ ಸೊಲೆನಾಯ್ಡಿಗೂ ಶಕ್ತಿ ಇಲ್ಲ, ಲಿವರ್ ಮತ್ತೆ ‘ಪಿ’ಯಲ್ಲೇ. ಆಗ ಮಾಡಬೇಕಾದ್ದು ಜಂಪ್ ಸ್ಟಾರ್ಟ್, ಆಮೇಲೆ ಬಿಲ್ಲೆ.

ಇಷ್ಟೆಲ್ಲ ಆದ ಮೇಲೂ ಗ್ಯಾರೇಜಿನವರು ಗೇರ್‌ಬಾಕ್ಸ್ ಅಂತಲೇ ಹಟ ಹಿಡಿದರೆ ಒಂದೇ ಪ್ರಶ್ನೆ ಕೇಳಿ: ‘ಕೇಬಲ್ ಕಳಚಿ, ಗೇರ್‌ಬಾಕ್ಸಿನ ಮೇಲಿರುವ ತೋಳನ್ನು ಕೈಯಿಂದ ಆಡಿಸಿ ನೋಡಿದಿರಾ?’ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡ್ಡ ಕೊಟ್ಟು ಮಾಡುವ ಪರೀಕ್ಷೆ ಅದು. ತೋಳು ‘ಪಿ’ಯಿಂದ ಸಲೀಸಾಗಿ ಹೊರಬಂದರೆ ತೊಂದರೆ ಕೇಬಲ್ಲಿನಿಂದ ಈಚೆಗೆ, ಲಿವರಿನ ಕಡೆ. ನೋಡಿಲ್ಲ ಅಂದರೆ ಅವರು ಕಾಯಿಲೆ ಪತ್ತೆ ಮಾಡಿಲ್ಲ, ಊಹೆ ಮಾಡಿದ್ದಾರೆ. ಅಪ್ಪಿತಪ್ಪಿ ಟೋ ಮಾಡಿಸುವ ಪ್ರಸಂಗ ಬಂದರೆ ಫ್ಲಾಟ್‌ಬೆಡ್ ಗಾಡಿಯನ್ನೇ ಕೇಳಿ. ಮುಂದಿನ ಚಕ್ರ ನೆಲಕ್ಕೆ ತಾಗಿಸಿ ‘ಪಿ’ಯಲ್ಲೇ ಎಳೆದೊಯ್ದರೆ ಇಲ್ಲದ ಗೇರ್‌ಬಾಕ್ಸ್ ಕಾಯಿಲೆ ಆಗ ನಿಜವಾಗಿ ಬರುತ್ತದೆ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ‘ಪಿ’ ಬಿಟ್ಟು ನ್ಯೂಟ್ರಲ್ಲಿನಲ್ಲಿ ಹ್ಯಾಂಡ್‌ಬ್ರೇಕ್ ಮಾತ್ರ ಹಾಕಿ ನಿಲ್ಲಿಸಲು ಹೋದರೆ, ಕೀ ಇರುವ ಬಹಳಷ್ಟು ಆಟೊಮ್ಯಾಟಿಕ್‌ಗಳಲ್ಲಿ ಕೀ ಹೊರಗೇ ಬರುವುದಿಲ್ಲ. ‘ಪಿ’ಗೆ ಬಂದರೆ ಮಾತ್ರ ಬಿಡುವ ಇನ್ನೊಂದು ಅಗುಳಿ ಅಲ್ಲಿದೆ. ಬಂದರೂ ಹಾಗೆ ಬಿಡಬೇಡಿ, ಹ್ಯಾಂಡ್‌ಬ್ರೇಕಿನ ಕೇಬಲ್ ಹಳೆಯದಾದಂತೆ ಸಡಿಲವಾಗುತ್ತದೆ. ಪಕ್ಕದವರು ‘ನಮ್ಮ ಆಟೊಮ್ಯಾಟಿಕ್‌ನಲ್ಲಿ ಪಿಯೇ ಇಲ್ಲ, ಏನಾಗಿದೆ?’ ಅನ್ನಬಹುದು. 2014ರಲ್ಲಿ ಮಾರುತಿ ಸೆಲೆರಿಯೊದಿಂದ ಇಲ್ಲಿ ಶುರುವಾದ ಎಎಂಟಿ ಕಾರುಗಳಲ್ಲಿ ಬಹಳಷ್ಟಕ್ಕೆ ಅದು ಇಲ್ಲ, ನಿಜ. ಅವುಗಳ ಒಳಗೆ ಇರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್, ಅದರ ಪಾರ್ಕಿಂಗ್ ಕ್ರಮವೇ ಬೇರೆ. ನಿಮ್ಮ ಸಿವಿಟಿ ನ್ಯೂಟ್ರಲ್ಲಿನಲ್ಲಿದ್ದರೆ ಚಕ್ರವನ್ನು ಹಿಡಿಯುವವರು ಯಾರೂ ಇಲ್ಲ. ಸ್ವಿಚ್ ಬದಲಾಗುವ ತನಕ ‘ಪಿ’, ಹ್ಯಾಂಡ್‌ಬ್ರೇಕ್ ಎರಡೂ ಇರಲಿ, ಆ ಸಣ್ಣ ಸ್ಕ್ರೂಡ್ರೈವರ್ ಡೋರ್ ಪಾಕೆಟ್ಟಿನಲ್ಲಿರಲಿ. ಮೇಲಿನ ಕಾರಿನವರ ಆಫೀಸ್ ಟೈಮ್ ಎಷ್ಟು ಅಂತ ಕೇಳಿಕೊಂಡು ಹತ್ತು ನಿಮಿಷ ಮೊದಲೇ ಕೆಳಗಿಳಿಯಿರಿ.